ಬೆಳಗಿನ ಆರೂವರೆಯ ತರಗತಿ ಮತ್ತು ಒಂದು ತೊಟ್ಟಿಲ ಹಗ್ಗ

ವಾರದಲ್ಲಿ ಎರಡು ದಿನ ಬೆಳಿಗ್ಗೆ ಆರೂವರೆಗೆ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಮಹಡಿ ಕೋಣೆಯ ಬಾಗಿಲು ಹಾಕಿಕೊಂಡು ನಾನು ವಿದ್ಯಾರ್ಥಿನಿಯಾಗಿ ಕೂರುತ್ತೇನೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ ಐದು ಗಂಟೆ. ಮಾರ್ಚ್ ತಿಂಗಳಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ತರಗತಿ ಇಲ್ಲಿನ ಐದೂವರೆಗೇ ಆರಂಭವಾಗುತ್ತದೆ. ನವೆಂಬರಿನಲ್ಲಿ ಮತ್ತೆ ಆರೂವರೆಗೆ ಮರಳುತ್ತದೆ. ಬೆಳವಣಿಗೆ ನಿಧಾನವಾದ ಪುಟ್ಟ ಮಕ್ಕಳೊಂದಿಗೆ ಹದಿನಾಲ್ಕು ವರ್ಷ ಕೆಲಸ ಮಾಡಿದ ಬಳಿಕ, ನಲವತ್ತೊಂದರ ವಯಸ್ಸಿನಲ್ಲಿ, ಶಿಶುಗಳ ಮಾನಸಿಕ ಆರೋಗ್ಯ ಮತ್ತು ಬೆಳವಣಿಗೆಯ ಕುರಿತು ಡಾಕ್ಟರೇಟ್ ಮಾಡಲು ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಆನ್‌ಲೈನ್ ಮೂಲಕ ಸೇರಿಕೊಂಡೆ. ಈಗ ಮೂರನೆಯ ವರ್ಷ ನಡೆಯುತ್ತಿದೆ. ಊರಿನಲ್ಲೇ ಕುಳಿತು ಇಂಥ ವಿಷಯವನ್ನು ಕಲಿಯಲು ಸಾಧ್ಯವೇ ಎಂದು ಕೇಳುವವರಿಗೆ ಒಂದು ಮಾತಿನಲ್ಲಿ ಉತ್ತರಿಸಲು ಆಗದ ಕಾರಣ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಶಿಶುವಿನ ಮಾನಸಿಕ ಆರೋಗ್ಯ ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಡೆಯ ತಾಯಂದಿರಿಗೆ ಹೆದರಿಕೆಯಾಗುತ್ತದೆ. "ಮಗುವಿಗೆ ತಲೆ ಸರಿ ಇಲ್ಲ ಅಂತ ಹೇಳ್ತೀರಾ ಮೇಡಂ?" ಎಂದು ಕೇಳಿದವರು ಎಷ್ಟೋ ಮಂದಿ. ಈ ಶಾಸ್ತ್ರ ಹೇಳುವುದು ಬೇರೆ. ಹುಟ್ಟಿನಿಂದ ಐದು ವರ್ಷದವರೆಗಿನ ಮಗು ತನ್ನ ಭಾವನೆಗಳನ್ನು ಅನುಭವಿಸಿ, ತಡೆದುಕೊಂಡು, ಹೊರಗೆ ತೋರಿಸಲು ಹೇಗೆ ಕಲಿಯುತ್ತದೆ. ತನ್ನವರೊಂದಿಗೆ ನೆಮ್ಮದಿಯ ನಂಟನ್ನು ಹೇಗೆ ಕಟ್ಟಿಕೊಳ್ಳುತ್ತದೆ. ಆ ನಂಟಿನ ಧೈರ್ಯದಿಂದ ಸುತ್ತಲಿನ ಲೋಕವನ್ನು ಹೇಗೆ ಮುಟ್ಟಿ ತಿಳಿಯುತ್ತದೆ ಎಂಬುದೇ ಇದರ ವಸ್ತು. ಮಗು ಎಂಬುದು ಒಂಟಿಯಾಗಿ ಎಲ್ಲೂ ಇಲ್ಲ, ಎಲ್ಲಿ ಮಗು ಇದೆಯೋ ಅಲ್ಲಿ ಅದನ್ನು ಎತ್ತಿಕೊಂಡವರೊಬ್ಬರು ಇದ್ದೇ ಇರುತ್ತಾರೆ ಎಂದು ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಹೇಳಿದ ಮಾತಿನ ಮೇಲೆ ಈ ಶಾಸ್ತ್ರ ನಿಂತಿದೆ. ಅಮೆರಿಕದ ಮಿಶಿಗನ್‌ನಲ್ಲಿ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ 1970ರ ದಶಕದಲ್ಲಿ ಬಡ ತಾಯಂದಿರ ಮನೆಗಳಿಗೆ ಹೋಗಿ, ಅಡುಗೆಮನೆಯಲ್ಲಿಯೇ ಕುಳಿತು, ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡಿದರು. ಈ ವಯಸ್ಸಿನ ಮಕ್ಕಳಿಗೆಂದೇ ಪ್ರತ್ಯೇಕ ರೋಗನಿರ್ಣಯ ಸೂಚಿ ಬಂದದ್ದು 1994ರಲ್ಲಿ, ಅದು ಐದು ವರ್ಷದವರೆಗೆ ವಿಸ್ತಾರಗೊಂಡದ್ದು 2016ರಲ್ಲಿ. ಅಂದರೆ ವಿಷಯ ಇನ್ನೂ ಎಳೆಯದು.

ಸೇರಬೇಕೆಂದಿರುವವರಿಗೆ ಮೊದಲೇ ತಿಳಿಸಬೇಕಾದ ಕಹಿ ಸಂಗತಿಯೊಂದಿದೆ. ನಮ್ಮ ದೇಶದಲ್ಲಿ ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ಪಿಎಚ್.ಡಿ. ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ನೀಡಿಲ್ಲ. ವಿದೇಶಿ ಸಂಸ್ಥೆಗಳೊಂದಿಗೆ ಕೈಜೋಡಿಸಿ ಎಡ್‌ಟೆಕ್ ಕಂಪನಿಗಳು ಜಾಹೀರಾತು ಮಾಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2022ರ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ಅದೇ ವರ್ಷದ ಹೊಸ ನಿಯಮಾವಳಿ ಕೆಲಸದಲ್ಲಿರುವವರಿಗೆ ಅರೆಕಾಲಿಕ ಪಿಎಚ್.ಡಿ.ಗೆ ದಾರಿ ಮಾಡಿಕೊಟ್ಟಿದೆ. ಕಾಲೇಜಿನಲ್ಲಿ ಅಧ್ಯಾಪಕಿಯಾಗುವ ಆಸೆಯುಳ್ಳವರು ಆ ದಾರಿಯನ್ನೇ ಹಿಡಿಯಬೇಕು. ಹಾಗೆಯೇ, ಈ ಪದವಿಯ ಬಲದಿಂದ ನಾನು ಇಲ್ಲಿ ಚಿಕಿತ್ಸಾ ಮನೋವಿಜ್ಞಾನಿ ಎಂದು ಬೋರ್ಡು ಹಾಕಿಕೊಳ್ಳಲು ಬರುವುದಿಲ್ಲ. ಅದಕ್ಕೆ 1992ರ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಇವೆಲ್ಲ ನನಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಸೇರಿದ ಆರು ತಿಂಗಳಿಗೆ ಒಂದು ಕಾಲೇಜಿನ ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಕಡತವನ್ನು ಮುಚ್ಚಿ, "ಇದು ಲೆಕ್ಕಕ್ಕೆ ಬರುವುದಿಲ್ಲವಲ್ಲ ಅಮ್ಮ" ಎಂದಾಗ ನಿಜಕ್ಕೂ ಎದೆ ಕುಸಿಯಿತು. ಸಹಕಾರಿ ಸಂಘದಲ್ಲಿ ಮಾಡಿದ ಸಾಲ ಕಣ್ಣ ಮುಂದೆ ಬಂತು. ಮನೆಗೆ ಬಂದು ಎರಡು ದಿನ ಯೋಚಿಸಿದೆ. ನಾನು ಸೇರಿದ್ದು ಹುದ್ದೆಗಾಗಿ ಅಲ್ಲ ಎಂದು ಹೇಳಿಕೊಂಡರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಆದರೆ ನನ್ನ ಬಳಿ ಬರುವ ಮಕ್ಕಳು ಎರಡೂವರೆ, ಮೂರು ವರ್ಷಕ್ಕೆ "ಇನ್ನೂ ಮಾತು ಬಂದಿಲ್ಲ" ಎಂಬ ದೂರಿನೊಂದಿಗೆ ಬರುತ್ತಿದ್ದರು, ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಮನೆಯೊಳಗೆ ಏನು ನಡೆದಿರುತ್ತದೆ ಎಂಬುದನ್ನು ನೋಡುವ ಕಣ್ಣು ನನಗೆ ಇರಲಿಲ್ಲ. ಆ ಕಣ್ಣು ಬೇಕಿತ್ತು. ಮುಂದುವರಿಸಿದೆ.

ಮೊದಲ ವರ್ಷದ ಕೊನೆಗೆ ನನ್ನ ಮಾರ್ಗದರ್ಶಕಿ ಒಂದು ಕೆಲಸ ಕೊಟ್ಟರು: ಒಂದು ಮಗುವನ್ನು ನೋಡಬೇಕು. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವಿಶ್ಲೇಷಕಿ ಎಸ್ತರ್ ಬಿಕ್ 1948ರಲ್ಲಿ ಆರಂಭಿಸಿದ ಪದ್ಧತಿ ಅದು. ಮಗು ಹುಟ್ಟಿದ ಮನೆಗೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದು ಗಂಟೆ, ಎರಡು ವರ್ಷದವರೆಗೆ ಹೋಗಿ ಕುಳಿತುಕೊಳ್ಳಬೇಕು. ಕೈಯಲ್ಲಿ ಪುಸ್ತಕ, ಪೆನ್ನು ಇರಬಾರದು, ಕ್ಯಾಮೆರಾ ಇರಬಾರದು, ಸಲಹೆ ಹೇಳಬಾರದು. ಮನೆಗೆ ಮರಳಿದ ಮೇಲೆ ನೆನಪಿನಿಂದ ಎಲ್ಲವನ್ನೂ ಬರೆದು, ಗುಂಪಿನಲ್ಲಿ ಓದಬೇಕು. ಓದುವುದಕ್ಕೆ ಬೆಳಗಿನ ತರಗತಿ ಇತ್ತು. ನೋಡುವುದಕ್ಕೆ ನಮ್ಮೂರಿನ ಮನೆ ಇತ್ತು. ಅಮೆರಿಕಕ್ಕೆ ಹೋಗಿ ಓದಿದ್ದರೆ ನಾನು ನೋಡುತ್ತಿದ್ದುದು ಅಲ್ಲಿಯ ಮಗುವನ್ನು. ಆನ್‌ಲೈನ್ ಶಿಕ್ಷಣದಿಂದ ನನಗೆ ದೊರೆತದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಯಾವುದೂ ಇಲ್ಲ.

ಆ ಮನೆಯ ಗುರುತು ಹೇಳುವುದಿಲ್ಲ. ಅವರ ಒಪ್ಪಿಗೆ ಪಡೆದು, ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ ಗದ್ದೆಯ ಅಂಚಿನಲ್ಲಿ ಹತ್ತು ನಿಮಿಷ. ಮಗುವಿನ ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ತಾಯಿ, ತಾಯಿಯ ತಾಯಿ, ದೊಡ್ಡಮ್ಮ, ದೊಡ್ಡಮ್ಮನ ಇಬ್ಬರು ಮಕ್ಕಳು, ಮಾವ. ಮೊದಲ ದಿನವೇ ನಿಯಮ ಮುರಿಯಿತು. "ಬಲೆ, ಕುಲ್ಲುಲೆ, ಆಸರ್‌ಗ್ ದಾದ ಬೋಡು?" (ಬನ್ನಿ, ಕುಳಿತುಕೊಳ್ಳಿ, ಬಾಯಾರಿಕೆಗೆ ಏನು ಬೇಕು?) ಎಂದು ಅಜ್ಜಿ ತುಳುವಿನಲ್ಲಿ ಉಪಚರಿಸಿ ಬೆಲ್ಲ, ನೀರು ತಂದಿಟ್ಟರೆ ಬೇಡವೆನ್ನಲು ಆಗುತ್ತದೆಯೇ? ಬಂದವರು ಮೂಲೆಯಲ್ಲಿ ಮಾತಿಲ್ಲದೆ ಕುಳಿತರೆ ನಮ್ಮಲ್ಲಿ ಅದು ಸಿಟ್ಟಿನ ಗುರುತು. ಕೊನೆಗೆ ಮೊದಲ ಹತ್ತು ನಿಮಿಷ ನೀರು, ಮಾತು, ಊರಿನ ಸುದ್ದಿ. ಆಮೇಲೆ ನನ್ನ ಒಂದು ಗಂಟೆ ಎಂದು ನಾವೇ ಒಂದು ಕ್ರಮ ಮಾಡಿಕೊಂಡೆವು. ಮೂರನೆಯ ವಾರಕ್ಕೆ ಅಜ್ಜಿಯೇ ಪಕ್ಕದ ಮನೆಯವರಿಗೆ, ಅವರು ಬಾಲೆಯನ್ನು (ಮಗುವನ್ನು) ನೋಡಲಿಕ್ಕೆ ಬರುವುದು, ಈಗ ಮಾತಾಡಿಸಬೇಡಿ ಎಂದು ಹೇಳತೊಡಗಿದರು.

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗಿನ ಒಂದು ಮಂಗಳವಾರ. ಹೊರಗೆ ಜಡಿಮಳೆ. ಚಾವಡಿಯಲ್ಲಿ ಜಂತಿಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿತ್ತು. ತಾಯಿ ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಕೆಲಸ ಅವಳ ಬೆರಳುಗಳಲ್ಲಿ ಕಣ್ಣಿನ ನೆರವಿಲ್ಲದೆ ನಡೆಯುತ್ತದೆ. ತೊಟ್ಟಿಲ ಹಗ್ಗದ ತುದಿ ಅವಳ ಬಲಗಾಲ ಹೆಬ್ಬೆರಳಿಗೆ ಸುತ್ತಿತ್ತು. ಪಾದ ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ತೊಟ್ಟಿಲು ಹೋಗಿ ಬರುತ್ತಿತ್ತು. ಒಂದು ಹೊತ್ತಿನಲ್ಲಿ ತೊಟ್ಟಿಲೊಳಗಿಂದ ಬರುತ್ತಿದ್ದ ಉಸಿರಿನಲ್ಲಿ ಸಣ್ಣ ಎಳೆತ ಕೇಳಿಸಿತು. ಅದು ಇನ್ನೂ ಅಳುವಾಗಿರಲಿಲ್ಲ. ಪಾದದ ವೇಗ ಆಗಲೇ ಬದಲಾಯಿತು, ತೂಗು ಗಿಡ್ಡವಾಯಿತು, ಬಿರುಸಾಯಿತು. ಕೈ ನಿಲ್ಲಲಿಲ್ಲ, ತಲೆ ಮೇಲೇಳಲಿಲ್ಲ. ಬಾಯಿಂದ ಮಾತ್ರ "ಓ ಓ ಓ" ಎಂಬ ಸ್ವರ ತೂಗಿನ ತಾಳಕ್ಕೆ ಸರಿಯಾಗಿ ಹೊರಟಿತು. ಅಷ್ಟರಲ್ಲಿ ಒಳಗಿನ ಎಳೆತ ಸಡಿಲವಾಗಿ, ಉಸಿರು ಮತ್ತೆ ಉದ್ದವಾಯಿತು. ಆ ಗಂಟೆಯಲ್ಲಿ ಅವಳು ಮಗುವಿನ ಮುಖ ನೋಡಿದ್ದು ಎರಡೇ ಸಲ.

ಈ ಟಿಪ್ಪಣಿಯನ್ನು ನಾನು ಓದಿ ಮುಗಿಸಿದಾಗ ಗುಂಪಿನಲ್ಲಿ ಮೊದಲು ಬಂದ ಪ್ರಶ್ನೆ ಅದೇ ಎರಡು ಸಲದ ಕುರಿತದ್ದು. ನಾವು ಕಲಿಯುವ ಅಳತೆಗೋಲುಗಳಲ್ಲಿ ತಾಯಿ ಮಗು ಮುಖಾಮುಖಿಯಾಗಿ ಆಡುವ ಹೊತ್ತಿಗೆ, ಕಣ್ಣಿಗೆ ಕಣ್ಣು ಸೇರುವುದಕ್ಕೆ, ಮಗುವಿನೊಂದಿಗೆ ಆಡುವ ಮಾತಿಗೆ ಅಂಕಗಳಿವೆ. ಹೆಬ್ಬೆರಳಿಗೆ ಅಂಕವಿಲ್ಲ. ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರೆ ದೃಷ್ಟಿಯಾಗುತ್ತದೆ, ಹೆತ್ತವಳ ಕಣ್ಣೂ ತಾಗುತ್ತದೆ ಎಂದು ಅಜ್ಜಿ ನಂಬಿರುವ ಮನೆಯದು ಎಂದು ವಿವರಿಸಿದೆ. ನನ್ನ ಮಾತಿನಲ್ಲಿ ಸ್ವಲ್ಪ ನೋವೂ ಇತ್ತು. ಮಾರ್ಗದರ್ಶಕಿ ಕೊಂಚ ಹೊತ್ತು ಸುಮ್ಮನಿದ್ದು, ಪಾದದ ಭಾಗವನ್ನು ಇನ್ನೊಮ್ಮೆ ಓದಿ ಎಂದರು. ಓದಿದೆ. ಅಳು ಹುಟ್ಟುವ ಮೊದಲೇ ತೂಗು ಬದಲಾದದ್ದು ಎರಡನೆಯ ಓದಿನಲ್ಲಿ ಎಲ್ಲರಿಗೂ ಕೇಳಿಸಿತು. ಜರ್ಮನಿಯ ಮನೋವಿಜ್ಞಾನಿ ಹೈಡಿ ಕೆಲ್ಲರ್ ಅವರು ಕ್ಯಾಮರೂನಿನ ಎನ್ಸೊ ಕೃಷಿಕ ಕುಟುಂಬಗಳನ್ನು ಜರ್ಮನಿಯ ನಗರದ ಕುಟುಂಬಗಳೊಂದಿಗೆ ಹೋಲಿಸಿ, ಮೈಗೆ ಮೈ ತಾಗಿಸಿ, ತೂಗಿ, ಕುಣಿಸಿ ಬೆಳೆಸುವ ಕ್ರಮ ಒಂದು, ಎದುರಿಗಿಟ್ಟು ಮುಖ ನೋಡಿ ಮಾತಾಡಿಸಿ ಬೆಳೆಸುವ ಕ್ರಮ ಇನ್ನೊಂದು ಎಂದು ಬೇರ್ಪಡಿಸಿ ತೋರಿಸಿದ್ದನ್ನು ಆ ವಾರ ಓದಲು ಕೊಟ್ಟರು. ಅದರ ಜೊತೆಗೆ ಜಪಾನಿನ ಸಪ್ಪೊರೊದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳನ್ನೂ ಓದಿದೆವು: ತಾಯಿ ಕೋಣೆಯಿಂದ ಹೊರಗೆ ಹೋಗಿ ಮರಳಿ ಬಂದಾಗ ಮಗು ಏನು ಮಾಡುತ್ತದೆ ಎಂದು ನೋಡುವ ಮೇರಿ ಐನ್ಸ್‌ವರ್ತ್ ಅವರ ಪ್ರಸಿದ್ಧ ಪರೀಕ್ಷೆಯಲ್ಲಿ ಅಲ್ಲಿಯ ಹಲವು ಮಕ್ಕಳು ತಾಳಲಾರದೆ ಅತ್ತವು, ಏಕೆಂದರೆ ಅವು ಅದುವರೆಗೆ ತಾಯಿಯನ್ನು ಬಿಟ್ಟು ಇದ್ದದ್ದೇ ಅಪರೂಪ. ಆ ಅಳುವಿನ ಆಧಾರದಿಂದ ಅವುಗಳ ನಂಟು ದುರ್ಬಲ ಎಂದು ತೀರ್ಪು ಕೊಡುವುದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಅದೇ ಐನ್ಸ್‌ವರ್ತ್ 1954ರಲ್ಲಿ ಉಗಾಂಡಕ್ಕೆ ಹೋಗಿ 26 ಕುಟುಂಬಗಳ ಮನೆಗಳಲ್ಲಿ ಕುಳಿತು ನೋಡಿದ್ದರಿಂದಲೇ ಆ ಪರೀಕ್ಷೆಯ ಹಿಂದಿನ ವಿಚಾರ ಹುಟ್ಟಿತೆಂಬುದು ನನಗೆ ಬಹಳ ಹಿತವೆನಿಸಿದ ಸಂಗತಿ.

ಹೊಗೆಸೊಪ್ಪಿನ ಹುಡಿಯ ವಿಷಯವನ್ನು ಮರೆಮಾಡಬಾರದು. ಗೆರಸೆಯಿಂದ ಎದ್ದ ಹುಡಿ ಮಗುವಿನ ಉಸಿರಿಗೆ ಹೋಗುವುದನ್ನು ನೋಡುತ್ತ, ಸಲಹೆ ಕೊಡಬಾರದೆಂಬ ನಿಯಮಕ್ಕೆ ಅಂಟಿಕೊಂಡು ನಾಲ್ಕು ವಾರ ಸುಮ್ಮನಿದ್ದೆ. ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಕೊನೆಗೆ ಗುಂಪಿನಲ್ಲಿ ಹೇಳಿಕೊಂಡು, ಎಲ್ಲರ ಅಭಿಪ್ರಾಯ ಕೇಳಿ, ನನ್ನ ಒಂದು ಗಂಟೆಯ ಹೊರಗೆ, ಅಂಗಳದಲ್ಲಿ ನಿಂತು ತಾಯಿಗೆ ಹೇಳಿದೆ. "ಗೊತ್ತುಂಟು ಅಕ್ಕ, ಬ್ರಾಂಚಿಗೆ ಬೀಡಿ ಕೊಡದೆ ಹೇಗೆ?" ಎಂದಳು. ಬ್ರಾಂಚು ಎಂದರೆ ಕಟ್ಟಿದ ಬೀಡಿಯನ್ನು ಕೊಡುವ ಕೇಂದ್ರ. ಮುಂದಿನ ವಾರ ತೊಟ್ಟಿಲು ಒಳಕೋಣೆಯ ಜಂತಿಗೆ ಹೋಗಿತ್ತು. ಹಗ್ಗ ಸಾಲದೆ ಹಳೆಯ ಬೈರಾಸಿನ (ಟವೆಲಿನ) ಪಟ್ಟಿ ಹರಿದು ಗಂಟು ಹಾಕಿ ಉದ್ದ ಮಾಡಿದ್ದಳು. ಆದರೆ ಈಗ ನಡುವೆ ಗೋಡೆ ಬಂದಿತ್ತು. ಉಸಿರಿನ ಎಳೆತ ಅವಳಿಗೆ ಕೇಳಿಸುತ್ತಿರಲಿಲ್ಲ, ಅಳುವೇ ಕೇಳಿಸಬೇಕಿತ್ತು. ನನ್ನ ಒಂದು ಮಾತಿನಿಂದ ಮಗುವಿನ ಶ್ವಾಸಕ್ಕೆ ಒಳ್ಳೆಯದಾಯಿತು, ಬೇರೊಂದು ಕಡೆ ಏನೋ ತಪ್ಪಿಹೋಯಿತು. ಎರಡು ವಾರದ ಬಳಿಕ ಅಜ್ಜಿ ಒಳಕೋಣೆಯ ಹೊಸ್ತಿಲ ಮೇಲೆ ತರಕಾರಿ ಹೆಚ್ಚಲು ಕುಳಿತುಕೊಳ್ಳತೊಡಗಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಪ್ರಬಂಧದ ವಿಷಯ ಇಲ್ಲಿಂದಲೇ ಹುಟ್ಟಿತು: ಹಲವು ಕೈಗಳಿರುವ ಮನೆಗಳಲ್ಲಿ ಮಗುವನ್ನು ಸಂತೈಸುವ ಕ್ರಮ. ಸಂತೈಸು ಎಂಬ ಪದಕ್ಕೆ ನಾನು ತಲುಪಲು ಕೆಲವು ತಿಂಗಳೇ ಹಿಡಿಯಿತು. ಇಂಗ್ಲಿಷಿನ ಪಠ್ಯಗಳಲ್ಲಿ ಮಗು ತನ್ನನ್ನು ತಾನು ನಿಯಂತ್ರಿಸಿಕೊಳ್ಳುವುದಕ್ಕೆ ಒಂದು ಪದ, ದೊಡ್ಡವರು ಜೊತೆಗೂಡಿ ನಿಯಂತ್ರಿಸುವುದಕ್ಕೆ ಇನ್ನೊಂದು ಪದ ಇದೆ. ನಿಯಂತ್ರಣ, ಸಹನಿಯಂತ್ರಣ ಎಂದೆಲ್ಲ ಬರೆದು ನೋಡಿದೆ. ವಿದ್ಯುತ್ ಇಲಾಖೆಯ ಸುತ್ತೋಲೆಯಂತೆ ಕೇಳಿಸಿತು. ಕನ್ನಡದಲ್ಲಿ ಸಂತೈಸುವುದಕ್ಕೆ ಇಬ್ಬರು ಬೇಕು. ಸಂತೈಸಿಕೊಳ್ಳುವುದು ಎಂಬ ರೂಪವೂ ಇದೆ, ಆದರೆ ಅದನ್ನು ದುಃಖ ನುಂಗಿದ ದೊಡ್ಡವರ ಕುರಿತು ಹೇಳುತ್ತೇವೆ, ತೊಟ್ಟಿಲ ಮಗುವಿನ ಕುರಿತು ಯಾರೂ ಹೇಳುವುದಿಲ್ಲ. ಯಾರೋ ಬಹಳ ಸಲ ಸಂತೈಸಿದ ಮೇಲೆಯೇ ಮಗುವಿಗೆ ತಾನು ಸಂತೈಸಿಕೊಳ್ಳಲು ಬರುತ್ತದೆ ಎಂದು ಈ ಶಾಸ್ತ್ರ ದಶಕಗಳ ಅಧ್ಯಯನದಿಂದ ಕಂಡುಕೊಂಡ ಕ್ರಮ ಆ ಎರಡು ಕ್ರಿಯಾಪದಗಳಲ್ಲಿ ಮೊದಲೇ ಇತ್ತು.

ಒಪ್ಪಿಗೆ ಪತ್ರದ ಕಥೆಯೂ ಭಾಷೆಯದೇ. ವಿಶ್ವವಿದ್ಯಾಲಯದ ನೈತಿಕ ಸಮಿತಿ ಕಳುಹಿಸಿದ ನಾಲ್ಕು ಪುಟದ ಪತ್ರವನ್ನು ಕನ್ನಡಕ್ಕೆ ತಂದೆ, ಬೇರೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಂದರು, ಎರಡೂ ಹೊಂದುತ್ತವೆಯೇ ಎಂದು ನೋಡಲಾಯಿತು. ಆದರೆ ಮನೆಯ ಮಾತು ತುಳು. ಕನ್ನಡ ಶಾಲೆಯ ಭಾಷೆ, ಪತ್ರದ ಭಾಷೆ. ಮುದ್ರಿತ ಕನ್ನಡ ಕೈಗೆ ಬಂದ ಕೂಡಲೇ ಅದು ಪಂಚಾಯತಿನ ಕಾಗದದಂತೆ ಕಂಡು, ಓದದೆ ಸಹಿ ಹಾಕಲು ಪೆನ್ನು ಕೇಳಿದವರಿದ್ದಾರೆ. ಆದ್ದರಿಂದ ಪ್ರತಿ ವಾಕ್ಯವನ್ನೂ ತುಳುವಿನಲ್ಲಿ ಹೇಳಿ, ಬೇಡವೆನ್ನಬಹುದು, ನಡುವೆ ಬಿಡಬಹುದು ಎಂಬುದನ್ನು ಎರಡು ಸಲ ಹೇಳಿ, ಒಂದು ವಾರ ಬಿಟ್ಟು ಸಹಿ ಪಡೆದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ನನ್ನ ಮಕ್ಕಳು ಇನ್ನೂ ಒಂದು ವರ್ಷ ದಾಟದವರು. ಆದರೂ ಮಗು ನನ್ನನ್ನು ನೋಡಿ ಮುಖ ತಿರುಗಿಸಿ, ತಾಯಿಯ ಹೆಗಲಿನಲ್ಲಿ ಮೂಗು ಹುದುಗಿಸಿದ ದಿನಗಳಲ್ಲಿ ನಾನು ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದೇನೆ.

ನಮ್ಮ ಹಳೆಯ ಕ್ರಮಗಳಲ್ಲಿ ಎಲ್ಲವೂ ಇತ್ತು ಎಂದು ಈ ಬರಹವನ್ನು ಓದಿದವರು ತಿಳಿಯಬಾರದು. ಪ್ರಬಂಧಕ್ಕಾಗಿ ಹೋದ ಇನ್ನೊಂದು ಮನೆಯಲ್ಲಿ ಏಳು ಜನರಿದ್ದರು, ಬಾಣಂತನ ಚೆನ್ನಾಗಿ ನಡೆದಿತ್ತು, ಎಣ್ಣೆ, ಬಿಸಿನೀರು, ಮದ್ದು ಯಾವುದಕ್ಕೂ ಕೊರತೆ ಇರಲಿಲ್ಲ, ಬಾಣಂತಿ ಮಾತ್ರ ಮಗುವನ್ನು ಎತ್ತಿಕೊಂಡಾಗ ಬೇರೆಯವರ ಮಗುವನ್ನು ಎತ್ತಿಕೊಂಡವಳಂತಿದ್ದಳು. ಖಿನ್ನತೆ ಎಂಬ ಪದವನ್ನು ಅವಳು ಬಳಸಲಿಲ್ಲ, ನಮ್ಮ ಕಡೆ ಯಾವ ತಾಯಿಯೂ ಬಳಸುವುದಿಲ್ಲ. "ತಲೆ ಭಾರ", "ಯಾವುದಕ್ಕೂ ಮನಸ್ಸಿಲ್ಲ", "ಸುಮ್ಮನೆ ಬೇಜಾರು" ಎಂದಳು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋದಲ್ಲಿ 1987ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಕಳೆದ ಏಳು ದಿನಗಳಲ್ಲಿ ಹೇಗಿತ್ತು ಎಂದು ಕೇಳುವಂಥದ್ದು. ಅದು ಕನ್ನಡದಲ್ಲಿಯೂ ಇದೆ. ಬೇಜಾರು ಎಂದರೆ ಘಟ್ಟದ ಮೇಲಿನ ಹಲವರಿಗೆ ಹೊತ್ತು ಹೋಗದಿರುವುದು, ನಮಗೆ ದುಃಖ. ಈ ವ್ಯತ್ಯಾಸ ತಿಳಿಯದವರು ಅವಳ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುತ್ತಿದ್ದರು. ಆ ದಿನ ನಾನು ಸಂಶೋಧಕಿಯ ನಿಯಮ ನೋಡಲಿಲ್ಲ. ಅವಳ ಅತ್ತೆಯನ್ನು ಕೂರಿಸಿ ಮಾತಾಡಿ, ವೈದ್ಯರಲ್ಲಿಗೆ ಜೊತೆಯಲ್ಲಿ ಹೋದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಅಂಥದ್ದು ಪ್ರತಿ ಜಿಲ್ಲೆಯಲ್ಲಿಯೂ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅವಳು ಈಗ ಚೇತರಿಸಿಕೊಂಡಿದ್ದಾಳೆ.

ಕಳೆದ ತಿಂಗಳಿನ ಒಂದು ಮಂಗಳವಾರದ ಟಿಪ್ಪಣಿ ನನ್ನ ಮೇಜಿನ ಮೇಲಿದೆ. ಬೀಡಿ ಕಟ್ಟುವ ತಾಯಿಯ ಮಗುವಿಗೆ ಒಂಬತ್ತು ತಿಂಗಳು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವ ಮೊದಲು, ಮೂರೂವರೆಗೆ, ಮುಂಬಯಿಯಿಂದ ತಂದೆಯ ವಿಡಿಯೋ ಕಾಲ್ ಬಂತು. ತಂದೆ ನಾಲಿಗೆಯಿಂದ ಕುದುರೆಯ ಓಟದ ಸದ್ದು ಮಾಡಿದರು, ಮಗು ನಕ್ಕು ಮೊಬೈಲನ್ನು ಬಡಿಯಿತು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಅವರ ಮುಖ ಪರದೆಯ ಮೇಲೆ ಬಾಯಿ ಅರೆ ತೆರೆದಂತೆಯೇ ನಿಂತಿತು. ಮಗು ಮತ್ತೆ ನಕ್ಕಿತು. ಕಾಯಿತು. ಕೈ ಚಾಚಿ ಕೂಗಿತು. ಹುಬ್ಬು ಒಮ್ಮೆ ಗಂಟಿಕ್ಕಿತು, ಆಮೇಲೆ ಕಣ್ಣುಗಳು ಪಕ್ಕಕ್ಕೆ, ಗೋಡೆಯ ಕಡೆಗೆ ಹೋದವು, ತುಟಿ ಬಿಗಿಯಿತು. ತಾಯಂದಿರಿಗೆ ಕೆಲವು ನಿಮಿಷ ಮುಖಭಾವವಿಲ್ಲದೆ ಕೂರಲು ಹೇಳಿ ಶಿಶುಗಳ ವರ್ತನೆ ನೋಡಿದ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರ 1970ರ ದಶಕದ ಪ್ರಯೋಗದ ಹಂತಗಳೆಲ್ಲ ಒಂದೊಂದಾಗಿ ನನ್ನೆದುರು, ಸಗಣಿ ಸಾರಿಸಿದ ಚಾವಡಿಯಲ್ಲಿ, ಯಾರೂ ಏರ್ಪಡಿಸದೆ ನಡೆದವು. ತಾಯಿ ಗೆರಸೆ ಸರಿಸಿ ಏಳುವ ಮೊದಲೇ ಅಜ್ಜಿ ಹೊಸ್ತಿಲಿನಿಂದ ಎದ್ದು ಬಂದು, ಮೊಬೈಲನ್ನು ಬೋರಲು ಹಾಕಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ಹೋದರು. ಕೋಳಿಯನ್ನು ತೋರಿಸಿದರು. ಮಗು ಅವರ ಕುತ್ತಿಗೆಯ ಕರಿಮಣಿಯನ್ನು ಬಾಯಿಗೆ ಹಾಕಿಕೊಂಡಿತು.

ಇದನ್ನು ಗುರುವಾರ ಬೆಳಿಗ್ಗೆ ಗುಂಪಿನಲ್ಲಿ ಓದುತ್ತಿದ್ದಾಗ ನಮ್ಮಲ್ಲಿ ಗುಡುಗು ಸಿಡಿಲು, ಇಂಟರ್ನೆಟ್ ಎರಡು ಸಲ ಕಡಿದುಹೋಯಿತು. ಮರಳಿ ಸೇರಿದಾಗ ಮಾರ್ಗದರ್ಶಕಿಯ ಮುಖ ಪರದೆಯ ಹತ್ತಿರಕ್ಕೆ ಬಂದು ನನಗಾಗಿ ಕಾಯುತ್ತಿತ್ತು. ಅಜ್ಜಿ ಮಾಡಿದ್ದನ್ನು ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಅವರು ಕೇಳಿದರು. ಹೇಳಿದೆ. ಉಚ್ಚಾರಣೆಯನ್ನು ಮೂರು ಸಲ ಕೇಳಿ, ತಾವೂ ಹೇಳಿ ನೋಡಿ, ಪ್ರಬಂಧದಲ್ಲಿ ಅದನ್ನು ಅನುವಾದಿಸದೆ ಹಾಗೆಯೇ ಉಳಿಸಿ ಎಂದರು. ಮೂರನೆಯ ಅಧ್ಯಾಯದಲ್ಲಿ ಈಗ ಇಂಗ್ಲಿಷ್ ಅಕ್ಷರಗಳಲ್ಲಿ ಓರೆಯಾಗಿ ಸಂತೈಸು ಎಂದು ಬರೆದಿದೆ. ಬರುವ ಮಂಗಳವಾರ ಮಗು ಹತ್ತು ತಿಂಗಳು ಪೂರೈಸುತ್ತದೆ. ಗೋಡೆ ಹಿಡಿದು ನಿಲ್ಲಲು ತೊಡಗಿದೆ, ತೊಟ್ಟಿಲು ಇನ್ನು ಸಾಲದು ಎಂದು ತಾಯಿ ಫೋನಿನಲ್ಲಿ ಹೇಳಿದ್ದಾಳೆ.